ಪಿತ್ತಕೋಶದ ಕಲ್ಲು: ಕರಗಿಸುವ ರಸಗಳು, ಕತ್ತರಿಯ ಅವಸರ ಮತ್ತು ನಡುವಿನ ನಿಜ

ಮುಂಬಯಿಯ ಮಾಟುಂಗಾದಿಂದ ಡೊಂಬಿವಲಿಯವರೆಗೆ ಯಾವ ಸ್ಟೇಷನ್ನಿನಲ್ಲಿ ಇಳಿದರೂ ಹೊರಗೆ ಒಂದೆರಡು ಸೋನೋಗ್ರಫಿ ಕೇಂದ್ರಗಳಿವೆ. ಕಂಪನಿಯ ವಾರ್ಷಿಕ ತಪಾಸಣೆಗೋ, ಮುಟ್ಟಿನ ತೊಂದರೆಗೋ, ಬೆನ್ನುನೋವಿಗೋ ಹೋದವರ ವರದಿಯಲ್ಲಿ ‘ಗಾಲ್‌ಸ್ಟೋನ್’ ಎಂಬ ಮಾತು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮನೆಯಲ್ಲಿ ಎರಡು ಪಕ್ಷ. ಹೊಟ್ಟೆಯಲ್ಲಿ ಕಲ್ಲು ಇಟ್ಟುಕೊಂಡು ಕೂರುವುದೇ, ನಾಳೆಯೇ ಆಪರೇಷನ್ ಮಾಡಿಸಿಬಿಡೋಣ ಎನ್ನುವವರು ಒಂದು ಕಡೆ. ಕತ್ತರಿ ಏಕೆ, ಬಾಳೆದಿಂಡಿನ ರಸ ಕುಡಿದರೆ ಕರಗುತ್ತದೆ ಎನ್ನುವವರು ಇನ್ನೊಂದು ಕಡೆ. ಭಾಂಡುಪ್‌ನ ನನ್ನ ದವಾಖಾನೆಯಲ್ಲಿ ಈ ಎರಡೂ ಪಕ್ಷಗಳ ವಾದವನ್ನು ಕೇಳುತ್ತಲೇ ಬಂದಿದ್ದೇನೆ. ಇಬ್ಬರೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ: ಈ ಕಲ್ಲು ಇದುವರೆಗೆ ನೋವು ಕೊಟ್ಟಿದೆಯೇ? ಚಿಕಿತ್ಸೆಯ ಬಹುಪಾಲು ಆ ಉತ್ತರದ ಮೇಲೆ ನಿಂತಿದೆ.

ಮೊದಲು ಅಂಗದ ಕೆಲಸ ತಿಳಿದಿರಲಿ. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ, ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು. ಪಿತ್ತಕೋಶ ಅದನ್ನು ತಯಾರಿಸುವುದಿಲ್ಲ, ಕೂಡಿಡುತ್ತದೆ ಅಷ್ಟೆ. ಯಕೃತ್ತಿನ ಕೆಳಮೈಗೆ ಅಂಟಿಕೊಂಡ ಬೆರಳುದ್ದದ ಈ ಚೀಲ 30ರಿಂದ 50 ಮಿಲಿಲೀಟರ್ ರಸ ಹಿಡಿಯುತ್ತದೆ, ಅದರ ನೀರಿನಂಶವನ್ನು ಹೀರಿ ಗಟ್ಟಿ ಮಾಡುತ್ತದೆ. ಜಿಡ್ಡಿನ ಊಟ ಹೊಟ್ಟೆಯಿಂದ ಸಣ್ಣ ಕರುಳಿಗೆ ಇಳಿದಾಗ ಅಲ್ಲಿಂದ ಒಂದು ಹಾರ್ಮೋನ್ ಹೊರಟು ಚೀಲಕ್ಕೆ ಸೂಚನೆ ಕೊಡುತ್ತದೆ. ಚೀಲ ಹಿಂಡಿಕೊಂಡು ರಸವನ್ನು ಪಿತ್ತನಾಳಕ್ಕೆ ಬಿಡುತ್ತದೆ. ಆ ನಾಳ ಕರುಳನ್ನು ಸೇರುವ ಜಾಗದಲ್ಲೇ ಮೇದೋಜ್ಜೀರಕ ಗ್ರಂಥಿಯ ನಾಳವೂ ಬಂದು ಕೂಡುತ್ತದೆ. ಈ ಕೂಡುಜಾಗವನ್ನು ನೆನಪಿಟ್ಟುಕೊಳ್ಳಿ. ಪಿತ್ತಕೋಶದ ಕಲ್ಲು ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ಇಲ್ಲಿಯೇ.

ಕಲ್ಲು ಹುಟ್ಟುವುದು ಹೇಗೆ? ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಕರಗಿದ ಸ್ಥಿತಿಯಲ್ಲಿ ಇರುತ್ತದೆ. ಅದರ ಪ್ರಮಾಣ ಹೆಚ್ಚಾದರೆ, ಅಥವಾ ಕರಗಿಸುವ ಪಿತ್ತಲವಣಗಳು ಕಡಿಮೆಯಾದರೆ, ಸಕ್ಕರೆ ಪಾಕ ಮೀರಿ ಹರಳುಗಟ್ಟುವ ಹಾಗೆ ಕೊಲೆಸ್ಟ್ರಾಲ್ ಕಣಗಳಾಗಿ ಕೂರುತ್ತದೆ. ಚೀಲ ಚೆನ್ನಾಗಿ ಖಾಲಿಯಾಗದಿದ್ದರೆ ಕಣಗಳು ಅಲ್ಲಿಯೇ ಉಳಿದು ಬೆಳೆಯುತ್ತವೆ. ಇದಲ್ಲದೆ ರಕ್ತದ ಕೆಂಪು ಕಣಗಳು ಒಡೆದಾಗ ಬರುವ ಬಿಲಿರುಬಿನ್ ಎಂಬ ವರ್ಣದ್ರವ್ಯದಿಂದ ಆಗುವ ಕಪ್ಪು, ಕಂದು ಕಲ್ಲುಗಳೂ ಇವೆ. ಕೆಂಪು ಕಣಗಳು ಬೇಗ ಒಡೆಯುವ ಸಿಕಲ್ ಸೆಲ್, ತಲಸ್ಸೇಮಿಯಾ ಕಾಯಿಲೆಗಳು ಇರುವವರಲ್ಲಿ ಚಿಕ್ಕ ವಯಸ್ಸಿಗೇ ಕಲ್ಲು ಕಾಣುವುದು ಈ ಕಾರಣದಿಂದ. ದಕ್ಷಿಣ ಭಾರತದವರಲ್ಲಿ ಈ ವರ್ಣದ್ರವ್ಯದ ಕಲ್ಲುಗಳ ಪಾಲು ಉತ್ತರದವರಿಗಿಂತ ಹೆಚ್ಚು.

‘ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ನಮಗೆ ಹೇಗೆ ಬಂತು?’ ಎಂದು ಕೇಳುವವರಿಗೆ ಉತ್ತರ ಇದರಲ್ಲೇ ಇದೆ. ಪಿತ್ತರಸದ ಕೊಲೆಸ್ಟ್ರಾಲ್ ಯಕೃತ್ತು ಸುರಿಸಿದ್ದು. ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಸರಿಯಾಗಿ ಇದ್ದವರಿಗೂ ಕಲ್ಲು ಆಗುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ, ವಯಸ್ಸು, ಮನೆತನ ಇವೆಲ್ಲ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಹೆಂಗಸರಲ್ಲಿ, ಅದರಲ್ಲೂ ಬಸುರಿನಲ್ಲಿ, ಹಾರ್ಮೋನುಗಳು ಎರಡು ಕಡೆಯಿಂದ ಕೆಲಸ ಮಾಡುತ್ತವೆ: ಈಸ್ಟ್ರೋಜೆನ್ ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟ್ರಾಲ್ ಸೇರಿಸುತ್ತದೆ, ಪ್ರೊಜೆಸ್ಟರಾನ್ ಚೀಲದ ಹಿಂಡುವಿಕೆಯನ್ನು ನಿಧಾನ ಮಾಡುತ್ತದೆ. ಬಸುರಿನಲ್ಲಿ ಕಂಡ ಕೆಸರಿನಂಥ ಪಿತ್ತ ಮತ್ತು ಪುಟ್ಟ ಕಲ್ಲುಗಳು ಹೆರಿಗೆಯ ನಂತರ ಎಷ್ಟೋ ಸಲ ತಾವಾಗಿಯೇ ಮಾಯವಾಗುತ್ತವೆ. ಇನ್ನೊಂದು ಕಾರಣವನ್ನು ಒತ್ತಿ ಹೇಳಬೇಕು. ಮದುವೆಗೆ ಮೊದಲು ಸಣ್ಣಗಾಗಬೇಕೆಂದು ಹುಡುಗಿಯರು ಊಟ ಬಿಟ್ಟು ವಾರಕ್ಕೆ ಎರಡು ಕಿಲೋ ಇಳಿಸಿದರೆ, ದೇಹದ ಕೊಬ್ಬು ಕರಗಿ ಬಂದ ಕೊಲೆಸ್ಟ್ರಾಲ್ ಪಿತ್ತಕ್ಕೆ ಸೇರುತ್ತದೆ, ಊಟವಿಲ್ಲದ ಚೀಲ ಹಿಂಡಿಕೊಳ್ಳದೆ ನಿಲ್ಲುತ್ತದೆ. ಕಲ್ಲಿಗೆ ಇದಕ್ಕಿಂತ ಅನುಕೂಲವಾದ ಸ್ಥಿತಿ ಬೇರೊಂದಿಲ್ಲ. ತೂಕ ಇಳಿಸುವುದು ಒಳ್ಳೆಯದೇ, ಆದರೆ ನಿಧಾನವಾಗಿ.

ಈಗ ಬಾಳೆದಿಂಡಿಗೆ ಬರೋಣ. ಬಾಳೆದಿಂಡಿನ ರಸ, ಹುರುಳಿ ಕಟ್ಟು, ಕಾಡುಬಸಳೆ ಎಲೆ, ದಿನಕ್ಕೆ ನಾಲ್ಕು ಲೀಟರ್ ನೀರು, ಟೊಮೆಟೊ ಬೀಜ ಬೇಡ, ಪಾಲಕ್ ಬೇಡ. ಈ ಪಟ್ಟಿಯೆಲ್ಲ ಮೂತ್ರಪಿಂಡದ ಕಲ್ಲಿನ ಲೋಕದ್ದು. ಎರಡಕ್ಕೂ ‘ಸ್ಟೋನ್’ ಎನ್ನುವುದರಿಂದ ಒಂದರ ಪಥ್ಯವನ್ನು ಇನ್ನೊಂದಕ್ಕೆ ಹಚ್ಚಿಬಿಡುತ್ತೇವೆ. ಮೂತ್ರಪಿಂಡದ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟಿನದು, ಅದು ಇರುವುದು ಮೂತ್ರ ಹರಿಯುವ ದಾರಿಯಲ್ಲಿ. ಹೆಚ್ಚು ನೀರು ಕುಡಿದರೆ ಮೂತ್ರ ತೆಳುವಾಗುತ್ತದೆ, ಸಣ್ಣ ಕಲ್ಲು ಹೊರಗೆ ಬೀಳುತ್ತದೆ. ಪಿತ್ತಕೋಶಕ್ಕೆ ನೀವು ಕುಡಿದ ನೀರು ಹೋಗುವುದಿಲ್ಲ, ರಸವೂ ಹೋಗುವುದಿಲ್ಲ. ಕುಡಿದದ್ದು ಕರುಳಿಗೆ ಇಳಿಯುತ್ತದೆ, ಪಿತ್ತ ಅಲ್ಲಿಗೆ ಬಂದು ಸೇರುತ್ತದೆ.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಮೂತ್ರಪಿಂಡದ ಕಲ್ಲು ಜಾರಿ ಬಿದ್ದರೆ ಸಂತೋಷ. ಪಿತ್ತಕೋಶದ ಕಲ್ಲು ಚೀಲದೊಳಗೆ ಸುಮ್ಮನೆ ಇದ್ದರೆ ಕ್ಷೇಮ, ಜಾರಿ ಹೊರಟರೆ ಅಪಾಯ. ಅದು ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ, ಸೋಂಕು. ಆ ಕೂಡುಜಾಗದಲ್ಲಿ ಸಿಕ್ಕಿಕೊಂಡರೆ ಮೇದೋಜ್ಜೀರಕ ಗ್ರಂಥಿ ಉರಿಯೂತಗೊಳ್ಳುತ್ತದೆ. ‘ಹೇಗಾದರೂ ಕೆಳಗೆ ಬಿದ್ದುಹೋಗಲಿ’ ಎಂದು ಹಾರೈಸುವವರು ಇದನ್ನು ತಿಳಿದುಕೊಳ್ಳಬೇಕು. ‘ನನ್ನದು ಸಣ್ಣ ಕಲ್ಲು ಡಾಕ್ಟ್ರೇ, ಬರೀ ನಾಲ್ಕು ಎಂಎಂ’ ಎಂದು ಸಮಾಧಾನ ಪಟ್ಟುಕೊಳ್ಳುವವರಿಗೂ ಇದೇ ಮಾತು. ಸಣ್ಣ ಕಲ್ಲಿಗೆ ನಾಳದೊಳಗೆ ನುಸುಳುವುದು ಸುಲಭ, ದೊಡ್ಡದಕ್ಕೆ ಕಷ್ಟ. ಗಾತ್ರ ಚಿಕ್ಕದೆಂಬ ಒಂದೇ ಕಾರಣಕ್ಕೆ ಧೈರ್ಯ ತಂದುಕೊಳ್ಳುವಂತಿಲ್ಲ.

ಹಾಗಾದರೆ ರಸ ಕುಡಿದು ನೋವು ಹೋಯಿತು ಎನ್ನುವವರು ಸುಳ್ಳು ಹೇಳುತ್ತಾರೆಯೇ? ಖಂಡಿತ ಇಲ್ಲ. ಅವರ ನೋವು ನಿಜವಾಗಿಯೂ ಹೋಗಿದೆ. ಅದು ಹೇಗೆಂದು ನೋಡಲು ಇಲ್ಲಿನ ನಮ್ಮ ಕನ್ನಡಿಗರ ಹೋಟೆಲುಗಳ ರಾತ್ರಿಯನ್ನು ನೋಡಿದರೆ ಸಾಕು. ಹನ್ನೊಂದಕ್ಕೆ ಬಾಗಿಲು ಹಾಕಿ, ಮೇಜು ತೊಳೆದು, ಲೆಕ್ಕ ಮುಗಿಸಿ, ಹುಡುಗರು ಊಟಕ್ಕೆ ಕೂರುವಾಗ ಹನ್ನೆರಡೂವರೆ. ತಟ್ಟೆಯಲ್ಲಿ ಉಳಿದ ಪೂರಿ, ಮೇದುವಡೆ, ಎಣ್ಣೆ ತೇಲುವ ಕುರ್ಮಾ. ಒಂದು ಗಂಟೆಗೆ ಮಲಗಿ ಎರಡಕ್ಕೆ ಎದ್ದು ಕೂರುತ್ತಾರೆ. ಹೊಟ್ಟೆಯ ಮೇಲ್ಭಾಗದಲ್ಲಿ, ನಡುವೆ ಅಥವಾ ಬಲಪಕ್ಕೆಯ ಕೆಳಗೆ, ಬಿಗಿದು ಹಿಡಿದಂಥ ನೋವು. ಅದು ಬೆನ್ನಿಗೆ, ಬಲಹೆಗಲಿನ ಹಲಗೆಯ ಕಡೆಗೆ ಹರಿಯುತ್ತದೆ. ಯಾವ ಮಗ್ಗುಲಿಗೆ ತಿರುಗಿದರೂ ಬಿಡುವುದಿಲ್ಲ, ಬೆವರು, ವಾಂತಿ. ಜಿಡ್ಡು ಕರುಳಿಗೆ ಇಳಿದು ಚೀಲ ಹಿಂಡಿಕೊಂಡಿದೆ, ಕಲ್ಲು ಅದರ ಕುತ್ತಿಗೆಗೆ ಬಂದು ಅಡ್ಡ ನಿಂತಿದೆ. ಯಾರೋ ಓಮದ ನೀರು ಕೊಡುತ್ತಾರೆ, ಯಾರೋ ಈನೋ ಕಲಸಿ ಕೊಡುತ್ತಾರೆ, ಜೀರಾ ಸೋಡಾ ಬರುತ್ತದೆ. ಒಂದೆರಡು ಗಂಟೆಯಲ್ಲಿ ಚೀಲ ಸಡಿಲವಾಗಿ ಕಲ್ಲು ಹಿಂದಕ್ಕೆ ಬೀಳುತ್ತದೆ, ನೋವು ನಿಲ್ಲುತ್ತದೆ. ಕೊನೆಯಲ್ಲಿ ಕುಡಿದದ್ದು ಯಾವುದೋ ಅದಕ್ಕೆ ಕೀರ್ತಿ. ಮರುದಿನ ‘ಗ್ಯಾಸ್ ಆಗಿತ್ತು’ ಎಂಬ ತೀರ್ಮಾನ. ಮುಂದಿನ ನೋವು ವಾರದ ನಂತರ ಬರಬಹುದು, ವರ್ಷದ ನಂತರವೂ ಬರಬಹುದು. ಆ ನಡುವೆ ಯಾವ ಕಷಾಯ ಕುಡಿದಿದ್ದರೂ ಅದೇ ಕಲ್ಲು ಕರಗಿಸಿದ ಔಷಧಿ ಎನಿಸಿಕೊಳ್ಳುತ್ತದೆ. ತಾನಾಗಿ ಬಂದು ತಾನಾಗಿ ಹೋಗುವ ಕಾಯಿಲೆಗೆ ಮದ್ದುಗಳು ಹೆಚ್ಚು. ಕಲ್ಲು ನಿಜವಾಗಿ ಕರಗಿತೇ ಎಂದು ನೋಡಲು ಮತ್ತೊಂದು ಸೋನೋಗ್ರಫಿ ಬೇಕು, ಅದನ್ನು ಮಾಡಿಸುವವರು ವಿರಳ.

ಗ್ಯಾಸ್ ವಿಷಯದಲ್ಲಿ ಉಲ್ಟಾ ತಪ್ಪೂ ನಡೆಯುತ್ತದೆ. ತೇಗು, ಹೊಟ್ಟೆಯುಬ್ಬರ, ಎದೆಯುರಿ, ಊಟವಾದ ಮೇಲೆ ಭಾರ ಇವು ಪಿತ್ತಕೋಶದ ಕಲ್ಲಿನ ಲಕ್ಷಣಗಳಲ್ಲ. ಕಲ್ಲು ಇಲ್ಲದವರಲ್ಲೂ ಇವು ಅಷ್ಟೇ ಸಾಮಾನ್ಯ. ಉಬ್ಬರಕ್ಕೆಂದು ಸೋನೋಗ್ರಫಿ ಮಾಡಿಸಿ, ಅದರಲ್ಲಿ ಕಲ್ಲು ಕಂಡು, ಕಲ್ಲೇ ಕಾರಣ ಎಂದು ಪಿತ್ತಕೋಶ ತೆಗೆಸಿಕೊಂಡವರು ಆರು ತಿಂಗಳ ನಂತರ ಅದೇ ಉಬ್ಬರ ಹಿಡಿದು ಬರುತ್ತಾರೆ. ಅವರ ನಿರಾಶೆ ನೋಡಲು ಸಂಕಟವಾಗುತ್ತದೆ. ಇನ್ನೊಂದು ಎಚ್ಚರ: ನಡುವಯಸ್ಸು ದಾಟಿದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಹೊಟ್ಟೆಯ ಮೇಲ್ಭಾಗದ ನೋವು ಹೃದಯಾಘಾತವೂ ಆಗಿರಬಹುದು. ಅಂಥವರು ‘ನನಗೆ ಕಲ್ಲು ಇದೆ, ಅದೇ ನೋವು’ ಎಂದು ಮನೆಯಲ್ಲಿ ಕೂರಬಾರದು, ಮೊದಲು ಇಸಿಜಿ ಆಗಲಿ.

ಇನ್ನು ನೋವೇ ಕೊಡದ ಕಲ್ಲು. ಕಲ್ಲು ಇರುವ ಹೆಚ್ಚಿನವರು, ಸುಮಾರು ಐವರಲ್ಲಿ ನಾಲ್ವರು, ಈ ಗುಂಪಿನವರೇ. ಅವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬಿಬ್ಬರಿಗೆ ಮಾತ್ರ ನೋವು ಶುರುವಾಗುತ್ತದೆ. ಅದೂ ಬಹುಮಟ್ಟಿಗೆ ಮೊದಲು ಮಾಮೂಲಿ ನೋವಾಗಿಯೇ ಬರುತ್ತದೆ, ನೇರವಾಗಿ ಪ್ರಾಣಾಪಾಯವಾಗಿ ಅಲ್ಲ. ಆದ್ದರಿಂದ ನೋವಿಲ್ಲದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಡ, ಔಷಧಿಯೂ ಬೇಡ. ಇದಕ್ಕೆ ಕೆಲವು ಹೊರತುಗಳಿವೆ: ಮೂರು ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, ಕಲ್ಲಿನ ಜೊತೆಗೆ ಪಾಲಿಪ್ ಎಂಬ ಗಂಟು, ಸುಣ್ಣಗಟ್ಟಿದ ಚೀಲದ ಗೋಡೆ, ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆ. ಇಂಥವರು ಶಸ್ತ್ರವೈದ್ಯರನ್ನು ಕಾಣಬೇಕು. ಕ್ಯಾನ್ಸರ್ ಆಗುತ್ತದೆ ಎಂಬ ಭಯ ಮುಂಬಯಿಯಲ್ಲಿ ಬೇಗ ಹಬ್ಬುತ್ತದೆ, ಏಕೆಂದರೆ ಪಕ್ಕದ ಮನೆಯವರು ಉತ್ತರ ಪ್ರದೇಶದವರೋ ಬಿಹಾರದವರೋ ಆಗಿರುತ್ತಾರೆ. ಗಂಗಾ ಬಯಲಿನಲ್ಲಿ ಪಿತ್ತಕೋಶದ ಕ್ಯಾನ್ಸರ್ ನಿಜವಾಗಿಯೂ ಹೆಚ್ಚು. ದಕ್ಷಿಣದಲ್ಲಿ, ಪಶ್ಚಿಮ ಕರಾವಳಿಯಲ್ಲಿ ಅದು ಬಹಳ ಕಡಿಮೆ. ಆ ಭಯವೊಂದಕ್ಕೇ ಸುಮ್ಮನಿರುವ ಚೀಲವನ್ನು ತೆಗೆಸಬೇಕಾಗಿಲ್ಲ.

ವರದಿಯನ್ನು ಓದುವುದನ್ನು ಸ್ವಲ್ಪ ಕಲಿತರೆ ಅರ್ಧ ಗಾಬರಿ ಇಳಿಯುತ್ತದೆ. ಕಲ್ಲಿನ ಗಾತ್ರದ ಮೇಲೆಯೇ ಎಲ್ಲರ ಕಣ್ಣು. ನಾನು ಮೊದಲು ನೋಡುವುದು ಬೇರೆ ಮೂರು ಕಡೆ. ಒಂದು, ‘ವಾಲ್ ಥಿಕ್‌ನೆಸ್’, ಅಂದರೆ ಚೀಲದ ಗೋಡೆಯ ದಪ್ಪ. ಮೂರು ಮಿಲಿಮೀಟರಿನವರೆಗೆ ಸಹಜ, ಅದನ್ನು ಮೀರಿದ್ದು ನೋವು ಜ್ವರಗಳ ಜೊತೆಗೆ ಕಂಡರೆ ಉರಿಯೂತದ ಸುಳಿವು. ಎರಡು, ‘ಸಿಬಿಡಿ’, ಅಂದರೆ ಮುಖ್ಯ ಪಿತ್ತನಾಳದ ಅಗಲ. ಸಾಮಾನ್ಯವಾಗಿ ಆರು ಮಿಲಿಮೀಟರಿನ ಒಳಗೆ, ವಯಸ್ಸಾದವರಲ್ಲಿ ತುಸು ಹೆಚ್ಚು. ಅಗಲವಾಗಿದ್ದರೆ ಕೆಳಗೆಲ್ಲೋ ಕಲ್ಲು ಅಡ್ಡ ಇರಬಹುದು. ಮೂರು, ಕಲ್ಲು ‘ಮೊಬೈಲ್’ ಎಂದಿದೆಯೋ ‘ಇಂಪ್ಯಾಕ್ಟೆಡ್’ ಎಂದಿದೆಯೋ. ಮಗ್ಗುಲು ಬದಲಿಸಿದಾಗ ಉರುಳಿದರೆ ಮೊದಲನೆಯದು, ಕುತ್ತಿಗೆಯಲ್ಲಿ ಕಚ್ಚಿ ಕೂತಿದ್ದರೆ ಎರಡನೆಯದು. ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ, ಆರರಿಂದ ಎಂಟು ಗಂಟೆ ಏನೂ ತಿನ್ನದೆ ಹೋಗಬೇಕು. ಚಹಾ ಬಿಸ್ಕೆಟ್ ತಿಂದು ಹೋದರೆ ಚೀಲ ಹಿಂಡಿಕೊಂಡು ಕುಗ್ಗಿರುತ್ತದೆ, ಒಳಗಿನದು ಸರಿಯಾಗಿ ಕಾಣುವುದಿಲ್ಲ. ‘ಸೋನೋಗ್ರಫಿ ಹಳೆಯದು, ಸಿಟಿ ಸ್ಕ್ಯಾನ್ ಮಾಡಿಸೋಣ’ ಎನ್ನುವವರಿಗೆ ಒಂದು ಮಾತು: ಚೀಲದೊಳಗಿನ ಕಲ್ಲನ್ನು ಹಿಡಿಯುವುದರಲ್ಲಿ ಸೋನೋಗ್ರಫಿಯೇ ಮೇಲು. ಕೊಲೆಸ್ಟ್ರಾಲ್ ಕಲ್ಲುಗಳು ಸಿಟಿಯಲ್ಲಿ ಕಾಣದೇ ಹೋಗುವುದುಂಟು. ನಾಳದೊಳಗಿನ ಕಲ್ಲಿನ ಅನುಮಾನ ಬಂದಾಗ ಎಂಆರ್‌ಸಿಪಿ ಎಂಬ ಸ್ಕ್ಯಾನ್ ಮಾಡಿಸುತ್ತಾರೆ.

ಕರಗಿಸುವ ಮಾತ್ರೆ ಇಲ್ಲವೇ? ಇದೆ. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಎಂದು ಅದರ ಹೆಸರು. ಅದು ಕೆಲಸ ಮಾಡುವುದು ಶುದ್ಧ ಕೊಲೆಸ್ಟ್ರಾಲಿನ, ಸುಣ್ಣ ಸೇರದ, ಸಣ್ಣ ಕಲ್ಲುಗಳ ಮೇಲೆ, ಅದೂ ಚೀಲ ಚೆನ್ನಾಗಿ ಹಿಂಡಿಕೊಳ್ಳುತ್ತಿದ್ದರೆ. ಆರು ತಿಂಗಳಿಂದ ಎರಡು ವರ್ಷದವರೆಗೆ ದಿನವೂ ನುಂಗಬೇಕು. ಕರಗಿದವರಲ್ಲಿಯೂ ಅರ್ಧದಷ್ಟು ಮಂದಿಗೆ ಐದು ವರ್ಷದೊಳಗೆ ಮತ್ತೆ ಬರುತ್ತದೆ. ವರ್ಣದ್ರವ್ಯದ ಕಲ್ಲಿಗೆ ಅದು ಏನೂ ಮಾಡದು. ಮೂತ್ರಪಿಂಡದ ಕಲ್ಲನ್ನು ಹೊರಗಿನಿಂದ ಅಲೆ ಹೊಡೆದು ಒಡೆಯುವ ವಿಧಾನವನ್ನು 1980ರ ದಶಕದಲ್ಲಿ ಪಿತ್ತಕೋಶದ ಕಲ್ಲಿನ ಮೇಲೂ ಪ್ರಯೋಗಿಸಿದರು. ಒಡೆದ ಚೂರುಗಳು ನಾಳಕ್ಕೆ ಇಳಿಯುವ ಭಯ, ಮತ್ತೆ ಹುಟ್ಟುವ ಕಲ್ಲುಗಳ ಕಾಟ ಸೇರಿ ಅದು ಮೂಲೆಗೆ ಸರಿಯಿತು.

ವಾಟ್ಸಾಪಿನಲ್ಲಿ ಸುತ್ತುವ ಇನ್ನೊಂದು ಉಪಾಯವಿದೆ: ಸೇಬಿನ ರಸ, ಎಪ್ಸಮ್ ಉಪ್ಪು, ಕೊನೆಗೆ ರಾತ್ರಿ ಆಲಿವ್ ಎಣ್ಣೆಯ ಜೊತೆ ನಿಂಬೆರಸ. ಬೆಳಿಗ್ಗೆ ಮಲದಲ್ಲಿ ಹಸಿರು ಉಂಡೆಗಳು ಬೀಳುತ್ತವೆ, ಜನ ಅವುಗಳ ಫೋಟೊ ತೆಗೆದು ಕಳುಹಿಸುತ್ತಾರೆ. 2005ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ನ್ಯೂಜಿಲೆಂಡಿನ ವೈದ್ಯರು ಅಂಥ ಉಂಡೆಗಳನ್ನು ಪರೀಕ್ಷಿಸಿ ಬರೆದರು. ಅವುಗಳಲ್ಲಿ ಕೊಲೆಸ್ಟ್ರಾಲೂ ಇರಲಿಲ್ಲ, ಬಿಲಿರುಬಿನ್ನೂ ಇರಲಿಲ್ಲ. 40 ಡಿಗ್ರಿ ಶಾಖಕ್ಕೆ ಕರಗಿ ಹಸಿರು ಎಣ್ಣೆಯಾದವು. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾಗಿ ಬಂದಿತ್ತು. ಅಷ್ಟು ಎಣ್ಣೆ ಒಮ್ಮೆಗೇ ಕುಡಿದರೆ ಚೀಲ ಜೋರಾಗಿ ಹಿಂಡಿಕೊಳ್ಳುತ್ತದೆ ಎಂಬುದು ನನ್ನ ನಿಜವಾದ ಆತಂಕ. ನಿಜವಾದ ಕಲ್ಲು ಇರುವವರು ಈ ಸಾಹಸಕ್ಕೆ ಇಳಿಯಬಾರದು.

ಹಾಗಾಗಿ ನೋವು ಕೊಡುವ ಕಲ್ಲಿಗೆ ಉಳಿಯುವ ದಾರಿ ಪಿತ್ತಕೋಶವನ್ನು ತೆಗೆಯುವುದು. ‘ಕಲ್ಲು ಮಾತ್ರ ತೆಗೆಯಿರಿ, ಚೀಲ ಇರಲಿ’ ಎಂದು ಬಹಳ ಜನ ಕೇಳುತ್ತಾರೆ. ಬೇಡಿಕೆ ಸಹಜವಾದದ್ದೇ. ಆದರೆ ಕಲ್ಲು ಕಟ್ಟಿದ್ದು ಆ ಚೀಲದಲ್ಲಿ, ಅದನ್ನು ಉಳಿಸಿದರೆ ಮತ್ತೆ ಕಟ್ಟುತ್ತದೆ. 1882ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಕ್ ಮೊದಲ ಬಾರಿಗೆ ಇಡೀ ಪಿತ್ತಕೋಶವನ್ನು ತೆಗೆದದ್ದು ಈ ತಿಳಿವಳಿಕೆಯಿಂದಲೇ. ನೂರು ವರ್ಷ ಅದಕ್ಕೆ ಪಕ್ಕೆಯ ಕೆಳಗೆ ಗೇಣುದ್ದ ಕೊಯ್ಯಬೇಕಾಗಿತ್ತು. 1985ರಲ್ಲಿ ಜರ್ಮನಿಯ ಎರಿಖ್ ಮ್ಯೂಹೆ ಸಣ್ಣ ರಂಧ್ರಗಳ ಮೂಲಕ ಅದನ್ನು ಮಾಡಿ ತೋರಿಸಿದರು. ಭಾರತದಲ್ಲಿ ಅದು ಮೊದಲು ನಡೆದದ್ದು ನಮ್ಮ ಮುಂಬಯಿಯಲ್ಲೇ, 1990ರಲ್ಲಿ ಬೈಕುಲ್ಲಾದ ಜೆಜೆ ಆಸ್ಪತ್ರೆಯಲ್ಲಿ. ಮಾಡಿದವರು ಡಾ. ತೆಹೆಂಟನ್ ಉಡ್ವಾಡಿಯಾ. ಬಡವರು ಬರುವ ಸರ್ಕಾರಿ ಆಸ್ಪತ್ರೆಯಲ್ಲಿ ಈ ವಿಧಾನ ದೇಶಕ್ಕೆ ಕಾಲಿಟ್ಟಿತು ಎಂಬುದು ನನಗೆ ಬಹಳ ಅಭಿಮಾನದ ಸಂಗತಿ.

ಇದನ್ನು ಜನ ‘ಲೇಸರ್ ಆಪರೇಷನ್’ ಎನ್ನುತ್ತಾರೆ. ಇದರಲ್ಲಿ ಲೇಸರ್ ಬೇಕಾಗಿಲ್ಲ. ಇಲ್ಲಿಯವರು ಮರಾಠಿಯಿಂದ ಎತ್ತಿಕೊಂಡು ಹೇಳುವ ದುರ್ಬೀನಿನ ಆಪರೇಷನ್ ಎಂಬುದೇ ಸರಿಯಾದ ಹೆಸರು. ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಂಡು, ಸಾಮಾನ್ಯವಾಗಿ ನಾಲ್ಕು ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸುತ್ತಾರೆ. ಚೀಲದ ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ ಕತ್ತರಿಸಿ, ಚೀಲವನ್ನು ಯಕೃತ್ತಿನಿಂದ ಬಿಡಿಸಿ ಹೊರಗೆ ತೆಗೆಯುತ್ತಾರೆ. ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ. ಹೆಗಲು ನೋಯುತ್ತದೆ ಎಂದು ಗಾಬರಿಯಾಗಬೇಡಿ, ಆ ಅನಿಲದಿಂದಾಗುವ ನೋವು ಅದು, ಕೆಲವು ದಿನಗಳಲ್ಲಿ ಹೋಗುತ್ತದೆ. ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು ಈ ಶಸ್ತ್ರಚಿಕಿತ್ಸೆಯ ದೊಡ್ಡ ಅಪಾಯ. ಸಾವಿರದಲ್ಲಿ ಕೆಲವರಿಗೆ ಮಾತ್ರ ಆಗುತ್ತದೆ, ಆದರೆ ಆದಾಗ ಗಂಭೀರ. ಹಾಗಾಗಿ ನಾಳಗಳು ಅಂಟಿಕೊಂಡು ಸ್ಪಷ್ಟವಾಗಿ ಕಾಣದಿದ್ದರೆ ಶಸ್ತ್ರವೈದ್ಯರು ನಡುವೆಯೇ ಹೊಟ್ಟೆ ತೆರೆದು ಮಾಡುತ್ತಾರೆ. ‘ಕೆಡಿಸಿಬಿಟ್ಟರು’ ಎಂದು ಮನೆಯವರು ಜಗಳಕ್ಕೆ ನಿಲ್ಲುತ್ತಾರೆ. ಅದು ರೋಗಿಯ ಸುರಕ್ಷತೆಗಾಗಿ ಮಾಡಿದ ನಿರ್ಧಾರ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಈ ಸಾಧ್ಯತೆಯನ್ನು ಕೇಳಿ ತಿಳಿದುಕೊಳ್ಳಿ.

ಆಪರೇಷನ್ ಯಾವಾಗ ಎಂಬುದರಲ್ಲಿ ನಮ್ಮವರ ಅಭ್ಯಾಸವೊಂದಿದೆ. ‘ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇವೆ, ಅಲ್ಲಿ ಅಮ್ಮ ಇದ್ದಾರೆ, ಮಣಿಪಾಲದಲ್ಲೋ ಮಂಗಳೂರಿನಲ್ಲೋ ಮಾಡಿಸುತ್ತೇವೆ.’ ಆರೈಕೆಗೆ ಜನ ಬೇಕು, ಚಾಳಿನ ಒಂದು ಕೋಣೆಯಲ್ಲಿ ಅದು ಕಷ್ಟ, ಅದು ನನಗೆ ಅರ್ಥವಾಗುತ್ತದೆ. ಒಂದು ಸಲ ನೋವು ಬಂದು ಪೂರ್ತಿ ಹೋಗಿದ್ದರೆ ವೈದ್ಯರನ್ನು ಕೇಳಿ ಕೆಲವು ವಾರ ಕಾಯಬಹುದು. ಆದರೆ ನೋವು ಆರು ಗಂಟೆ ಮೀರಿ ನಿಂತರೆ, ಜ್ವರ ಬಂದರೆ, ಕಣ್ಣು ಹಳದಿಯಾಗಿ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಚಳಿ ನಡುಕ ಬಂದರೆ, ನೋವು ಬೆನ್ನಿಗೆ ಇರಿದು ವಾಂತಿ ನಿಲ್ಲದಿದ್ದರೆ, ಆ ರಾತ್ರಿಯೇ ಆಸ್ಪತ್ರೆ ಸೇರಬೇಕು. ಸಯನ್, ಕೆಇಎಂ, ನಾಯರ್ ಆಸ್ಪತ್ರೆಗಳ ತುರ್ತು ವಿಭಾಗ ರಾತ್ರಿಯಿಡೀ ತೆರೆದಿರುತ್ತದೆ. ಜ್ವರದೊಂದಿಗೆ ಮತ್ಸ್ಯಗಂಧ ರೈಲು ಹತ್ತಿ ಕೊಂಕಣದ ಸುರಂಗಗಳ ನಡುವೆ ಇಡೀ ರಾತ್ರಿ ಕಳೆಯುವುದು ಬೇಡ. ಪಿತ್ತಕೋಶದ ಉರಿಯೂತವಾದರೆ ‘ಮೊದಲು ಊತ ಇಳಿಯಲಿ, ಆರು ವಾರ ಬಿಟ್ಟು ಮಾಡಿಸೋಣ’ ಎಂಬುದು ಹಳೆಯ ರೂಢಿ. ರೋಗಿ ಶಸ್ತ್ರಚಿಕಿತ್ಸೆಯನ್ನು ತಾಳುವಂತಿದ್ದರೆ ಮೊದಲ ಕೆಲವು ದಿನಗಳಲ್ಲೇ ಮಾಡುವುದು ಒಳ್ಳೆಯದೆಂದು ಈಗ ಎಲ್ಲ ಕಡೆ ಒಪ್ಪಿದ್ದಾರೆ. ಕಲ್ಲು ನಾಳಕ್ಕೆ ಇಳಿದಿದ್ದರೆ ಬಾಯಿಯ ಮೂಲಕ ಎಂಡೊಸ್ಕೋಪ್ ಇಳಿಸಿ ಅದನ್ನು ತೆಗೆಯುತ್ತಾರೆ, ಇಆರ್‌ಸಿಪಿ ಎನ್ನುತ್ತಾರೆ ಅದಕ್ಕೆ. ಇದಾದ ಮೇಲೆ ‘ಕಲ್ಲು ಹೋಯಿತಲ್ಲ’ ಎಂದು ಸುಮ್ಮನಾಗುವವರಿದ್ದಾರೆ. ಹೋದದ್ದು ನಾಳದ ಕಲ್ಲು, ಚೀಲದಲ್ಲಿ ಉಳಿದವು ಹಾಗೆಯೇ ಇವೆ. ವಿಮೆ ಇರುವವರು ಪಾಲಿಸಿಯನ್ನು ಈಗಲೇ ತೆಗೆದು ನೋಡಿ. ಪಿತ್ತಕೋಶದ ಕಲ್ಲಿಗೆ ಎರಡು ವರ್ಷದ ಕಾಯುವ ಅವಧಿ ಬಹಳಷ್ಟು ಪಾಲಿಸಿಗಳಲ್ಲಿ ಇದೆ.

ಪಿತ್ತಕೋಶ ತೆಗೆದ ಮೇಲೆ ಅನ್ನ ಜೀರ್ಣವಾಗುವುದಿಲ್ಲ, ಜೀವನವಿಡೀ ತುಪ್ಪ ಮುಟ್ಟುವಂತಿಲ್ಲ ಎಂಬುದು ಎಲ್ಲಕ್ಕಿಂತ ಬೇರೂರಿದ ನಂಬಿಕೆ. ಪಿತ್ತ ಮಾಡುವ ಯಕೃತ್ತು ಅಲ್ಲೇ ಇದೆಯಲ್ಲ. ಕೂಡಿಟ್ಟು ಒಮ್ಮೆಗೇ ಬಿಡುವ ಬದಲು ಪಿತ್ತ ಈಗ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಹರಿಯುತ್ತದೆ. ಮೊದಲ ಕೆಲವು ವಾರ ಜಿಡ್ಡು ಹೆಚ್ಚಾದರೆ ಭೇದಿಯಾಗಬಹುದು. ಕೆಲವರಲ್ಲಿ ಅದು ಮುಂದುವರಿಯುತ್ತದೆ, ಅದಕ್ಕೂ ಔಷಧಿ ಇದೆ. ಉಳಿದವರು ತಿಂಗಳೆರಡರಲ್ಲಿ ಮೊದಲಿನಂತೆ ಉಣ್ಣುತ್ತಾರೆ. ಕೋರಿರೊಟ್ಟಿಯೂ ಸರಿ, ನೀರುದೋಸೆಯೂ ಸರಿ, ಮಿತವಾಗಿ ತುಪ್ಪವೂ ಸರಿ. ವರ್ಷಗಟ್ಟಲೆ ಗಂಜಿ ಕುಡಿದು ಸೊರಗಿದವರನ್ನು ಕಂಡಾಗ, ಯಾರೂ ಅವರಿಗೆ ಈ ಒಂದು ಮಾತು ಹೇಳಲಿಲ್ಲವೇ ಎಂದು ಬೇಸರವಾಗುತ್ತದೆ.

ಇನ್ನೊಂದು ಕಾಗದದ ಬಗ್ಗೆ ಹೇಳಲೇಬೇಕು. ಆಪರೇಷನ್ ಆದ ಮೇಲೆ ಕಲ್ಲುಗಳನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಮನೆಯವರಿಗೆ ತೋರಿಸುತ್ತಾರೆ, ಅದನ್ನು ಎಲ್ಲರೂ ಜೋಪಾನವಾಗಿ ಮನೆಗೆ ತರುತ್ತಾರೆ. ತೆಗೆದ ಚೀಲ ಪೆಥಾಲಜಿ ವಿಭಾಗಕ್ಕೆ ಹೋಗುತ್ತದೆ, ಅದರ ವರದಿ ಕೆಲವು ದಿನಗಳ ನಂತರ ಬರುತ್ತದೆ. ಹೊಲಿಗೆ ಬಿಚ್ಚಿಸಲು ಹೋದಾಗ ಆ ವರದಿಯನ್ನು ಕೇಳಿ ಪಡೆಯಿರಿ. ಬಹುತೇಕ ಎಲ್ಲರದರಲ್ಲೂ ಹಳೆಯ ಉರಿಯೂತ ಎಂದಷ್ಟೇ ಬರೆದಿರುತ್ತದೆ. ಸ್ಕ್ಯಾನಿನಲ್ಲಿ ಕಾಣದ ಕ್ಯಾನ್ಸರ್ ಅಪರೂಪಕ್ಕೆ ಯಾರಲ್ಲಾದರೂ ಸಿಗುವುದು ಈ ಪರೀಕ್ಷೆಯಲ್ಲೇ. ಅಂಥವರಿಗೆ ಮುಂದಿನ ಚಿಕಿತ್ಸೆ ತಡವಾಗಬಾರದು. ವರದಿ ಆಸ್ಪತ್ರೆಯ ಕಪಾಟಿನಲ್ಲೇ ಉಳಿದರೆ ಅದು ಯಾರಿಗೂ ತಿಳಿಯುವುದಿಲ್ಲ.